ಕೊಕ್ಕರೆಯ ಮಕ್ಕಳು

ಟಿಲ್ಲಿಬೆಗ್ ಎಸ್ಟೇಟಿನ ಕರಿ ಹೋರಿಗಳ ಬಗ್ಗೆ ಮೇಜರ್ ಡನ್ಬಾರ್ ಒಂದು ಪುಸ್ತಕ ಬರೆಸಿದ್ದಾರೆ. ಅದರಲ್ಲಿ ಹೋರಿಗಳ ಅಜ್ಜ ಮುತ್ತಜ್ಜಂದಿರ ಹೆಸರೆಲ್ಲ ಇದೆ, ವ್ಯಾಟಿ ರಿಡಾಕ್‌ನ ಹೆಸರಿಲ್ಲ. ಆ ಹೋರಿಗಳಿಗೆ ಮೂವತ್ತೊಂದು ವರ್ಷ ಮೇವು ಹಾಕಿ, ಸೋಪು ಹಚ್ಚಿ, ಮೈ ಬಾಚಿ ಬೆಳೆಸಿದವನು ಅವನು. ಹಾಗಾಗಿ ಅವನ ವಿಷಯ ನಾನೇ ಬರೆಯಬೇಕಾಯಿತು. ನಾನು ಆ ಕಣಿವೆಯ ದನದ ಡಾಕ್ಟರು. ಈ ಕಥೆಯಲ್ಲಿ ನನ್ನ ಪಾಲೂ ಇದೆ, ಹೇಳಿಕೊಂಡು ಮೆರೆಯುವಂಥದ್ದಲ್ಲ.

ಐವತ್ತರ ದಶಕದ ಕೊನೆಯ ಮಾತು. ನಮ್ಮ ಅಬರ್ಡೀನ್ ಸೀಮೆಯ ಜಮೀನ್ದಾರರಿಗೆಲ್ಲ ಆಗ ಗಿಡ್ಡ ಹೋರಿಯ ಹುಚ್ಚು ಹಿಡಿದಿತ್ತು. ಮಾಂಸದ ದನಕ್ಕೆ ಕಾಲೇಕೆ, ಕಾಲನ್ನು ಯಾರು ತಿನ್ನುತ್ತಾರೆ ಎನ್ನುವುದು ಅವರ ತರ್ಕ. ಕಾಲು ಒಂದು ಅಂಗುಲ ಕಡಿಮೆಯಾದರೆ ಬೆಲೆ ಸಾವಿರ ಗಿನಿ ಹೆಚ್ಚು. ವರ್ಷ ವರ್ಷವೂ ಗಿಡ್ಡಕ್ಕೆ ಗಿಡ್ಡವನ್ನೇ ಕೂಡಿಸಿ, ಕೊನೆಗೆ ಕೋಟಿನ ಗುಂಡಿಯ ಮಟ್ಟಕ್ಕೂ ಬರದ ಹೋರಿಗಳನ್ನು ಹುಟ್ಟಿಸಿದರು. ಪರ್ತ್ ಪಟ್ಟಣದ ಫೆಬ್ರವರಿ ಮಾರಾಟಕ್ಕೆ ಅವುಗಳನ್ನು ಒಯ್ಯುವಾಗ ಕೊಟ್ಟಿಗೆಯಲ್ಲಿ ಮೊಳಕಾಲುದ್ದ ಹುಲ್ಲು ಹಾಸಿ ನಿಲ್ಲಿಸುತ್ತಿದ್ದರು. ಉಳಿದಷ್ಟು ಕಾಲೂ ಆ ಹುಲ್ಲಿನಲ್ಲಿ ಮುಚ್ಚಿಹೋಗಬೇಕು. ಕೊಳ್ಳುವವರು ಸುತ್ತ ನಿಂತು ಆಹಾ ಎನ್ನುತ್ತಿದ್ದರು. ಅವು ಹುಲ್ಲು ದಾಟಿ ನಡೆಯಬಲ್ಲವೇ ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ.

ಟಿಲ್ಲಿಬೆಗ್‌ನಲ್ಲಿ ಆ ಕಾಲದ ಕಣ್ಮಣಿ ಎಂದರೆ ಪ್ರಿನ್ಸ್. ಎರಡು ಸಾಕುಹಸುಗಳ ಹಾಲು, ದಿನಕ್ಕೊಂದು ಡಜನ್ ಮೊಟ್ಟೆ, ಸಂಜೆಗೆ ಒಂದು ಬಾಟಲಿ ಕಪ್ಪು ಬಿಯರ್ ಅದರ ಊಟ. ನೋಡಲು ಕಾಲಿದ್ದ ಪಿಪಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು, ಹಣ ಹಾಕಿದವರಿಗೆ ಇನ್ನೂ ಮುದ್ದು. ಮೇಜರ್ ದಿನಾ ಬೆಳಿಗ್ಗೆ ಬಂದು ಬೆತ್ತದಿಂದ ಅದರ ಎತ್ತರ ಅಳೆದು, ಬೆಳೆದಿಲ್ಲವೆಂದು ಖಾತ್ರಿಯಾದ ಮೇಲೆಯೇ ತಿಂಡಿಗೆ ಹೋಗುತ್ತಿದ್ದರು.

ವ್ಯಾಟಿಗೆ ಆಗ ಅರವತ್ಮೂರು. ಅವನಿದ್ದ ಮನೆ ಕೆಲಸದ ಜೊತೆ ಬಂದದ್ದು. ಎಸ್ಟೇಟಿನಲ್ಲಿ ಹಾಗೆಯೇ: ಕವೆಗೋಲು ಕೆಳಗಿಟ್ಟ ದಿನ ಮನೆಯನ್ನೂ ಬಿಡಬೇಕು, ಮುಂದಿನವನಿಗೆ. ಆ ಎರಡು ಕೋಣೆಯ ಮನೆಯ ಗೋಡೆಗೆ ಅವನ ಹೆಂಡತಿ ಎಲ್‌ಸ್ಪೆತ್ ಮೂವತ್ತೊಂದು ಸಲ ಸುಣ್ಣ ಬಳಿದಿದ್ದಳು. ಹಿತ್ತಿಲ ಗೂಸ್‌ಬೆರಿ ಗಿಡಗಳೂ ಅವಳು ನೆಟ್ಟವೇ. ಹಾಗಾಗಿ ಒಂದು ದಿನ ಮೇಜರ್ ಪ್ರಿನ್ಸ್‌ನ ಬೆನ್ನು ತಟ್ಟಿ, "ರಿಡಾಕ್, ಇದು ಹತ್ತು ಸಾವಿರ ಗಿನಿ ದಾಟಿದ್ರೆ ಆ ಮನೆ ನೀವಿಬ್ರೂ ಇರೋ ತನಕ ನಿಮ್ದೇ, ಕಾಗದ ಮಾಡಿಕೊಡ್ತೀನಿ" ಎಂದಾಗ, ವ್ಯಾಟಿ ಟೋಪಿ ತೆಗೆದ. ಎಲ್‌ಸ್ಪೆತ್ ಅಂದಿನಿಂದ ಪ್ರಿನ್ಸ್‌ನ ಮೊಟ್ಟೆಗಳನ್ನು ತಾನೇ ಒಡೆದು ಕಲಸತೊಡಗಿದಳು.

ಅದೇ ಹಟ್ಟಿಯಲ್ಲಿ ಇನ್ನೊಂದು ಹೋರಿಗರು ಇತ್ತು. ಉದ್ದ ಬೆನ್ನು, ಉದ್ದ ಕಾಲು. ಮೇಜರ್ ಅದಕ್ಕೆ ಕೊಕ್ಕರೆ ಎಂದು ಹೆಸರಿಟ್ಟರು, ಬೈಗುಳವಾಗಿ. "ಇದಕ್ಕೆ ಬೀಜ ಒಡೆಸಿಬಿಡು. ಇಂಥದ್ದು ನನ್ನ ಹಟ್ಟಿಲಿ ಹುಟ್ಟಿತ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು" ಎಂದು ನನ್ನನ್ನು ಕರೆಸಿದರು. ನಾನು ಇಕ್ಕಳ ಹಿಡಿದು ಹೋದರೆ ವ್ಯಾಟಿ ಕರುವನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ ತೋರಿಸಿದ.

"ನೋಡಿದ್ರಾ ಡಾಕ್ಟ್ರೇ? ನಡೆಯಕ್ಕೆ ಬರೋ ಹೋರಿ ಈ ಕೊಟ್ಟಿಗೇಲಿ ಹುಟ್ಟಿ ಹತ್ತು ವರ್ಷ ಆಯ್ತು. ಇವತ್ತು ಇಕ್ಕಳ ಮರೆತು ಬಂದೆ ಅನ್ನಿ."

"ಕೈಯಲ್ಲೇ ಇದೆಯಲ್ಲಪ್ಪ."

"ಹಾಗಾದ್ರೆ ಕರುನ ಮರೀರಿ."

ಮರೆತೆ. ಆದರೆ ಸುಮ್ಮನೆ ಬಂದೆನೆಂದರೆ ಮೇಜರ್ ಮತ್ತೊಬ್ಬರನ್ನು ಕರೆಸುತ್ತಾರೆ. ಅದಕ್ಕೇ ಕೊಕ್ಕರೆಗೆ ಬೀಜ ಒಡೆದಾಯಿತೆಂದು ಬರೆದು ಸಹಿ ಹಾಕಿಕೊಟ್ಟೆ. ಕಾಗದದ ಮೇಲೆ ಕೊಕ್ಕರೆ ಎತ್ತಾಯಿತು. ವ್ಯಾಟಿ ಅದನ್ನು ಮೇಲಿನ ಗುಡ್ಡಕ್ಕೆ ಬಿಟ್ಟ. ಮೇಜರ್‌ಗೆ ಕಾಲುಬೇನೆ, ಗುಡ್ಡ ಹತ್ತುವವರಲ್ಲ.

ಪ್ರಿನ್ಸ್‌ಗೆ ಎರಡು ವರ್ಷ ತುಂಬಿತು. ಮಾರುವ ಮೊದಲು ಒಂದು ಬೇಸಿಗೆ ಮನೆಯ ಹಸುಗಳಿಗೆ ಅದನ್ನೇ ಕೊಡಿಸಬೇಕು, ಕರುಗಳು ಇಲ್ಲೇ ಉಳಿಯುತ್ತವೆ ಎಂದು ಮೇಜರ್ ಲೆಕ್ಕ ಹಾಕಿದರು. ಬೆದೆಗೆ ಬಂದ ಹಸುವನ್ನು ತಂದು ನಿಲ್ಲಿಸಿದರು. ಪ್ರಿನ್ಸ್ ಹಸುವಿನ ತೊಡೆಗೆ ಗದ್ದ ಊರಿ ಆಕಾಶ ನೋಡಿತು. ಮುಟ್ಟಲಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವನ್ನೇ ಅಗೆಸಿದರು. ಎರಡಡಿ ಗುಂಡಿ ತೋಡಿ ಹಸುವನ್ನು ಅದರೊಳಗೆ ಇಳಿಸಿ, ಪ್ರಿನ್ಸ್‌ನನ್ನು ಹಿಂದಿನಿಂದ ಇಬ್ಬರು ನೂಕಿದರು. ಅದು ಎರಡು ನಿಮಿಷ ಏದುಸಿರು ಬಿಟ್ಟು ಮಲಗಿಬಿಟ್ಟಿತು. "ಆಯ್ತು ಅಂತ ಕಾಣುತ್ತೆ" ಎಂದರು ಮೇಜರ್.

ಆಗಿರಲಿಲ್ಲ. ಹಸುಗಳು ಬರಡಾಗಿ ಉಳಿದರೆ ಪ್ರಿನ್ಸ್‌ನ ಬೆಲೆ ಬೀಳುತ್ತದೆ, ಬೆಲೆ ಬಿದ್ದರೆ ಮನೆ ಹೋಗುತ್ತದೆ. ವ್ಯಾಟಿ ಎರಡು ದಿನ ಊಟ ಬಿಟ್ಟು ಯೋಚಿಸಿ, ಮೂರನೆಯ ದಿನ ಗುಡ್ಡದ ಗೇಟು ತೆಗೆದ. ಕೊಕ್ಕರೆಗೆ ಗುಂಡಿ ಬೇಕಾಗಲಿಲ್ಲ. ಶರತ್ಕಾಲದಲ್ಲಿ ನಾನು ಪರೀಕ್ಷೆ ಮಾಡಿದಾಗ ಹದಿನೆಂಟು ಹಸು ಗಬ್ಬ. "ಗುಂಡಿಯ ಮಹಿಮೆ" ಎಂದು ಮೇಜರ್ ನನ್ನ ಕೈ ಕುಲುಕಿದರು. ನನಗೆ ನಗು ಬಂತು. ಬಾಯಿ ಬಿಡಬೇಕಾದದ್ದು ಆಗ.

ಫೆಬ್ರವರಿಯಲ್ಲಿ ಪ್ರಿನ್ಸ್ ಹನ್ನೆರಡು ಸಾವಿರ ಗಿನಿಗೆ ಹೋಯಿತು. ಕೊಂಡವರು ಇಂಗ್ಲೆಂಡಿನ ತೆಂಕಣ ಸೀಮೆಯ ಫ್ಯಾನ್‌ಶಾ ಎಂಬ ಸಾಹುಕಾರರು. ಮನೆಯ ಕಾಗದ? "ವಕೀಲ್ರು ಬರೀತಿದಾರೆ" ಎಂದರು ಮೇಜರ್. ವಕೀಲರು ವರ್ಷವಿಡೀ ಬರೆಯುತ್ತಲೇ ಇದ್ದರು.

ಅಷ್ಟರಲ್ಲಿ ಕರುಗಳು ಹುಟ್ಟಿದವು. ಕಾಲು ತುಸು ಉದ್ದ ಅನ್ನಿಸಿದಾಗೆಲ್ಲ ವ್ಯಾಟಿ ಇನ್ನೊಂದು ಹೊರೆ ಹುಲ್ಲು ಹಾಸಿದ. ಮುಂದಿನ ಮಾರಾಟದಲ್ಲಿ ಅವುಗಳಿಗಾಗಿ ಜನ ಮುಗಿಬಿದ್ದರು. ನಮ್ಮ ಕಣಿವೆಯ ತಳಿ ಕೂಟದ ಅಧ್ಯಕ್ಷ ಗಾಲ್ಡ್ ಒಂದಕ್ಕೆ ನಾಲ್ಕು ಸಾವಿರ ಗಿನಿ ಕೊಟ್ಟು, "ನೋಡ್ರಿ, ಅಪ್ಪನ ಅಚ್ಚು" ಎಂದು ಊರೆಲ್ಲ ತೋರಿಸಿಕೊಂಡು ಬಂದ. ಫ್ಯಾನ್‌ಶಾ ಕೂಡ ಪ್ರಿನ್ಸ್‌ನ ಮಕ್ಕಳೆಂದು ಎರಡು ಕಡಸು ಕೊಂಡರು.

ಆದರೆ ಪ್ರಿನ್ಸ್‌ನಿಂದ ಅವರ ಹಟ್ಟಿಯಲ್ಲಿ ಒಂದು ಕರುವೂ ಹುಟ್ಟಲಿಲ್ಲ. ಕೋಪಗೊಂಡು ಹಣ ವಾಪಸು ಕೇಳಿದರು. ಪಂಚಾಯಿತಿಗೆ ತಳಿ ಕೂಟ ಸೇರಿತು, ಹೋಟೆಲಿನ ಹಿಂದಿನ ಕೋಣೆಯಲ್ಲಿ. ಟಿಲ್ಲಿಬೆಗ್‌ನ ಹದಿನೆಂಟು ಕರುಗಳಿಗೆ ಸಾಕ್ಷಿ ಹೇಳಲು ವ್ಯಾಟಿಯನ್ನೂ ಗಬ್ಬದ ಪರೀಕ್ಷೆ ಮಾಡಿದ ನನ್ನನ್ನೂ ಕರೆಸಿದ್ದರು. ಹೊರಡುವಾಗ ಎಲ್‌ಸ್ಪೆತ್ ಅವನ ಟೈ ಸರಿಮಾಡುತ್ತ, "ಪ್ರಿನ್ಸ್‌ದೇ ಅಂದ್ಬಿಡು, ವ್ಯಾಟಿ. ಒಂದೇ ಮಾತು. ನಾಳೆ ಮನೆ ನಮ್ದು" ಎಂದಿದ್ದಳು. ಅವನೂ ಹೇಳುವವನೇ ಇದ್ದ. ಮೇಜರ್ ಮೊದಲು ಎದ್ದು, "ಇಲ್ಲಿ ಹದಿನೆಂಟು ಹುಟ್ಟಿವೆ, ಅಲ್ಲಿ ಒಂದೂ ಇಲ್ಲ ಅಂದ್ರೆ ತಪ್ಪು ಹೋರೀದಲ್ಲ, ನೋಡಿಕೊಂಡವ್ನದು" ಎಂದರು.

"ನಂಗೂ ಹಾಗೇ ಅನ್ನಿಸ್ತು" ಎಂದರು ಫ್ಯಾನ್‌ಶಾ. "ಅದಕ್ಕೇ ನನ್ನ ದನದಾಳು ಟ್ಯಾಮ್‌ನ ಕೆಲಸದಿಂದ ತೆಗೆದೆ. ಈಸ್ಟರ್ ಹೊತ್ತಿಗೆ ಮನೆ ಖಾಲಿ ಮಾಡ್ತಾನೆ. ನಾಲ್ಕು ಮಕ್ಕಳಂತೆ ಪಾಪ."

ವ್ಯಾಟಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಟ್ಯಾಮ್ ಯಾರೋ ಅವನಿಗೆ ಗೊತ್ತಿಲ್ಲ. ಆದರೂ ಎದ್ದು ನಿಂತ.

"ಆ ಕರುಗಳು ಪ್ರಿನ್ಸ್‌ದಲ್ಲ, ಸ್ವಾಮಿ. ಕೊಕ್ಕರೇದು. ಗೇಟು ತೆಗೆದೋನು ನಾನೇ. ಆ ಟ್ಯಾಮ್‌ದು ಏನೂ ತಪ್ಪಿಲ್ಲ. ಯಾರು ನೋಡಿಕೊಂಡ್ರೂ ಪ್ರಿನ್ಸ್‌ನಿಂದ ಆಗೋ ಕೆಲಸ ಅಲ್ಲ ಅದು."

ಅಲ್ಲಿದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿಯ ಹಟ್ಟಿಯಲ್ಲಿ ಆ ಕರುಗಳಿದ್ದವು. ಅವರ ಮುಖಗಳ ಮೇಲೆ ಗಿನಿಗಳು ಕರಗುವುದು ಕಾಣುತ್ತಿತ್ತು. ಮೇಜರ್ ಪಂಚಾಯಿತಿಗೆಂದು ತಂದಿದ್ದ ಹಟ್ಟಿಯ ದಾಖಲೆಗಳ ಕಟ್ಟಿನಿಂದ ಮೆಲ್ಲಗೆ ಒಂದು ಕಾಗದ ತೆಗೆದರು, ನಾನು ಕೊಟ್ಟದ್ದು.

"ಕೊಕ್ಕರೆ ಎತ್ತು. ಡಾಕ್ಟ್ರೇ ಬೀಜ ಒಡೆದಿದಾರೆ."

"ಎತ್ತಿಗೆ ಮಕ್ಕಳಾಗ್ತವಾ ರಿಡಾಕ್?" ಎಂದ ಗಾಲ್ಡ್. ಎಲ್ಲರೂ ಗಟ್ಟಿಯಾಗಿ ನಕ್ಕರು, ನೀರಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ.

"ಗುಡ್ಡ ಇಲ್ಲೇ ಹತ್ತು ನಿಮಿಷ" ಎಂದ ವ್ಯಾಟಿ. "ಬಂದು ಬಗ್ಗಿ ನೋಡಿ."

ಯಾರೂ ಏಳಲಿಲ್ಲ. ಹೊರಗೆ ತುಂತುರು ಇತ್ತು, ಸೂಪು ಬೇರೆ ಬಂದಿತ್ತು. ಗಾಲ್ಡ್ ನನ್ನ ಕಡೆ ತಿರುಗಿ, "ಸಹಿ ನಿಮ್ದೇ ತಾನೆ ಡಾಕ್ಟ್ರೇ?" ಎಂದು ಕೇಳಿದ.

"ಸಹಿ ನಂದೇ" ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಿದರೆ ನನ್ನ ವೃತ್ತಿ ಹೋಗುತ್ತಿತ್ತು. ವ್ಯಾಟಿ ನನ್ನನ್ನು ನೋಡಿದ, ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷದ ಮೇಲೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲವೇನೋ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಹೋರಿ ಹುಟ್ಟಿಸಿತು ಎಂದರೆ ನಂಬಲಿಲ್ಲ. ರಿಡಾಕ್‌ಗೆ ವಯಸ್ಸಾಗಿದೆ, ಮಾತಿಗೆ ಬೆಲೆಯಿಲ್ಲ ಎಂದು ಬರೆದುಕೊಂಡರು. ತಮ್ಮ ಎರಡು ಕಡಸುಗಳು ನೆನಪಾಗಿ ಫ್ಯಾನ್‌ಶಾ ಕೂಡ ಒಪ್ಪಿಬಿಟ್ಟರು. ಹಾಗಾದರೆ ಪ್ರಿನ್ಸ್ ಅಲ್ಲೇಕೆ ಸೋತಿತು? ತೆಂಕಣದ ಹವೆ ಹಿಡಿಸಿಲ್ಲ ಎಂದು ತೀರ್ಮಾನವಾಯಿತು. ತಪ್ಪು ಹವೆಯದಾದ ಮೇಲೆ ಟ್ಯಾಮ್‌ನದಲ್ಲ, ಅವನ ಮನೆ ಅವನಿಗೇ ಉಳಿಯಿತು. ಕೂಟದ ಇತಿಹಾಸದಲ್ಲಿ ಇದೊಂದೇ ಒಳ್ಳೆಯ ತೀರ್ಮಾನ, ಅದೂ ಸುಳ್ಳಿನ ಮೇಲೆ ನಿಂತದ್ದು.

ಮರುದಿನ ಮೇಜರ್ ತಾವೇ ವ್ಯಾಟಿಯ ಮನೆಗೆ ಬಂದರು. ನಾನು ಕ್ಷಮೆ ಕೇಳಲು ಹೋಗಿ, ಕೇಳಲಾಗದೆ ಬಾಗಿಲ ಬಳಿ ನಿಂತಿದ್ದೆ. ಮೇಜರ್ ಮನೆಯ ಕಾಗದವನ್ನು ಮೇಜಿನ ಮೇಲಿಟ್ಟರು. ವಕೀಲರು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದರು. "ಆ ಎತ್ತು ಇವತ್ತೇ ಕಟುಕನ ಲಾರಿ ಹತ್ತಬೇಕು, ಹತ್ತಿದ ಮೇಲೆ ಸಹಿ ಹಾಕ್ತೀನಿ" ಎಂದರು. ಇನ್ನು ಯಾರೂ ಬಗ್ಗಿ ನೋಡುವ ಹಾಗಿರಬಾರದಲ್ಲ.

ವ್ಯಾಟಿ ಎಲ್‌ಸ್ಪೆತ್‌ಳನ್ನು ನೋಡಿದ.

"ನಾನೇನೂ ಹೇಳಲ್ಲ" ಎಂದಳು ಅವಳು. ಅವಳ ಕೈ ಮಾತ್ರ ಗೋಡೆಯ ಮೇಲಿತ್ತು.

ವ್ಯಾಟಿ ಗುಡ್ಡ ಹತ್ತಿದ. ಕೊಕ್ಕರೆಗೆ ಹಗ್ಗ ಹಾಕಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅವನು ಮುಂದೆ, ಅದು ಹಿಂದೆ, ಕಲ್ಲುಗುಡ್ಡದ ದಾರಿಯನ್ನು ಒಂದು ಕಡೆಯೂ ಎಡವದೆ ಇಳಿದು ಬಂದವು. ಲಾರಿಯ ಹಲಗೆ ಅವನು ಹತ್ತಿದ, ಅದೂ ಹತ್ತಿತು. ಅವನೊಬ್ಬನೇ ಇಳಿದ.

ಸಂಜೆ ಕಟುಕನಿಂದ ತೂಕದ ಚೀಟಿ ಬಂತು. ಕಣಿವೆಯಲ್ಲಿ ಇಷ್ಟು ಮಾಂಸ ಬಿಟ್ಟ ದನವನ್ನು ಈವರೆಗೆ ಕೊಯ್ದಿಲ್ಲ, ಇದರ ಕರುಗಳೇನಾದರೂ ಇದ್ದರೆ ಹೇಳಿಕಳಿಸಿ ಎಂದು ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದ. ನಾನು ಅದನ್ನು ಓದಿ ಹೇಳಿದೆ. ವ್ಯಾಟಿ ಒಲೆಯ ಬೆಂಕಿ ಕೆದಕಿದ.

"ಕೊನೆಗೂ ಯಾರೋ ಒಬ್ರು ಅದನ್ನ ತೂಕಕ್ಕೆ ಹಾಕಿದ್ರಲ್ಲ, ಡಾಕ್ಟ್ರೇ" ಎಂದ.

ಎಲ್‌ಸ್ಪೆತ್ ಮೇಜರ್ ಸಹಿ ಹಾಕಿಕೊಟ್ಟ ಮನೆಯ ಕಾಗದವನ್ನು ಮಡಿಸಿ ಚಹಾ ಡಬ್ಬಿಯಲ್ಲಿಟ್ಟಳು. ವ್ಯಾಟಿ ತೂಕದ ಚೀಟಿಯನ್ನು ನನ್ನ ಕೈಯಿಂದ ಇಸಕೊಂಡು, ಅದನ್ನೂ ಅಲ್ಲೇ ಇಡಲು ಕೊಟ್ಟ.