ಕಿಲೋಮೀಟರನ್ನು ಮೀಟರಾಗಿಸಿದ ಬೆಳಿಗ್ಗೆ

ಎಂಜಿನಿಯರಿಂಗ್ ಮೂರನೆಯ ವರ್ಷ ನಾವು ಮೂವರು ಸೇರಿ ಬಸ್ಸಿನ ಪ್ರಯಾಣದ ಸಮಯ ಹೇಳುವ ಪ್ರೋಗ್ರಾಂ ಬರೆದೆವು. ಎಲ್ಲಕ್ಕೂ ಮೇಲಿನ ‘ವಾಹನ’ ಎಂಬ ಕ್ಲಾಸ್, ಅಂದರೆ ಕೋಡಿನ ಒಂದು ಭಾಗ, ನನ್ನದು. ಅದರ ಕೆಳಗೆ ಗೆಳತಿಯ ‘ಬಸ್’, ಅದರ ಕೆಳಗೆ ಇನ್ನೊಬ್ಬಳ ‘ಎಲೆಕ್ಟ್ರಿಕ್ ಬಸ್’. ಮೇಲಿನ ಕ್ಲಾಸಿನಲ್ಲಿ ಇರುವುದು ಕೆಳಗಿನವಕ್ಕೆ ತಾನಾಗಿ ಬರುತ್ತದೆ. ನನ್ನ ಕ್ಲಾಸ್ ದೂರವನ್ನು ಕಿಲೋಮೀಟರಿನಲ್ಲಿ ಕೊಡುತ್ತಿತ್ತು. ಗೆಳತಿ ಅದರಿಂದ ನಿಮಿಷ ಲೆಕ್ಕ ಹಾಕುತ್ತಿದ್ದಳು.

ಅವಳು ಆಗಲೇ ಒಂದು ವಿಷಯದಲ್ಲಿ ಫೇಲಾಗಿದ್ದಳು. ಈ ಪ್ರೋಗ್ರಾಂ ಓಡಿಸಿ ತೋರಿಸಬೇಕಿದ್ದ ಲ್ಯಾಬ್ ಪರೀಕ್ಷೆಯೂ ಹೋದರೆ ಕೆಲಸದ ಕ್ಯಾಂಪಸ್ ಸಂದರ್ಶನಕ್ಕೆ ಸೇರಿಸುತ್ತಿರಲಿಲ್ಲ.

ಡೆಮೋದ ಹಿಂದಿನ ಸಂಜೆ ವಿಶ್ವೇಶ್ವರಪುರಂನಲ್ಲಿ ಮೂವರೂ ದೋಸೆ ತಿನ್ನುತ್ತಿದ್ದಾಗ ಅವಳು ನನ್ನ ಕಡೆ ಕೈ ತೋರಿಸಿ ಇನ್ನೊಬ್ಬಳಿಗೆ ಹೇಳಿದಳು: “ಅವತ್ತು ಇವಳ ಮನೆಗೆ ಹೋದಾಗ ಇವಳ ಅಜ್ಜಿ ಎಲ್ರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ರು. ನಂಗೆ ಮಾತ್ರ ಪೇಪರ್ ಕಪ್ಪು ಕಣೇ. ಗೌಡ್ರ ಮನೆ ಹುಡುಗಿ ಅಂತ ಮುಖದ ಮೇಲೆ ಬರ್ದಿತ್ತೇನೋ.” ಇಬ್ಬರೂ ನಕ್ಕರು. ಅದು ನಿಜವೇ ಆಗಿತ್ತು. ಅಂದು ಆ ಕಪ್ಪನ್ನು ತಂದಿಟ್ಟವಳು ನಾನು.

ಬೆಳಿಗ್ಗೆ ಲ್ಯಾಬಿಗೆ ಮುಂಚೆ ನನ್ನ ಕ್ಲಾಸಿನಲ್ಲಿ ದೂರವನ್ನು ಮೀಟರಿಗೆ ಬದಲಿಸಿದೆ. ಒಂದೇ ಸಾಲು.

ಲ್ಯಾಬಿನ ಬಾಗಿಲಲ್ಲಿ ಅವಳು ಕೇಳಿದಳು, “ನಿಂದ್ರಲ್ಲಿ ಏನೂ ಚೇಂಜ್ ಮಾಡಿಲ್ಲ ತಾನೆ?”

“ಇಲ್ಲ ಕಣೆ.”

ಮೇಷ್ಟ್ರು ಮೊದಲು ನನ್ನದನ್ನು ಓಡಿಸಿದರು. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಒಂಬತ್ತು ಸಾವಿರ ಮೀಟರು, ಸರಿ ಅಂದರು. ಅವಳದು ಮೂವತ್ತು ಸಾವಿರ ನಿಮಿಷ ತೋರಿಸಿತು. ಮೇಷ್ಟ್ರು ಕ್ಯಾಲ್ಕುಲೇಟರ್ ಒತ್ತಿ ನೋಡಿದರು. “ಏನಮ್ಮಾ, ಇಪ್ಪತ್ತು ದಿನಾನಾ? ಊರಿಗೆ ಹೋಗಿ ಎತ್ತಿನ ಗಾಡಿ ಕಟ್ಕೊಂಡ್ ಬಾ, ಬೇಗ ಆಗುತ್ತೆ.” ಲ್ಯಾಬ್ ನಕ್ಕಿತು. ಮೂರನೆಯವಳು ತನ್ನ ಲೆಕ್ಕ ಕೆಟ್ಟಿದ್ದು ಇವಳಿಂದಲೇ ಎಂದು ಹೇಳಿ ಪಾರಾದಳು. ಗೆಳತಿ ತನ್ನ ಸಾಲುಗಳನ್ನೇ ಮತ್ತೆ ಮತ್ತೆ ಓದಿದಳು. ಮೇಲಿನ ನನ್ನ ಕ್ಲಾಸನ್ನು ನೋಡಲಿಲ್ಲ, ನಾನು ಇಲ್ಲ ಅಂದಿದ್ದೆನಲ್ಲ.

ಅವಳು ಫೇಲಾದಳು. ಸಂದರ್ಶನದ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅವಳದಿರಲಿಲ್ಲ.

ಮಾರನೆಯ ವಾರ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. ತಪ್ಪು ಎಲ್ಲಿ ಅಂತ ಹುಡುಕಿಕೊಡು ಅಂದಳು. ನಾನು ಅವಳ ಲೆಕ್ಕದ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಸಾವಿರದಿಂದ ಭಾಗಿಸಬೇಕಿತ್ತು, ಮರೆತಿದ್ದೀಯ ಅಂದೆ.

“ಅಯ್ಯೋ, ಇಷ್ಟೇನಾ? ಎಂಥಾ ಪೆದ್ದಿ ನಾನು,” ಅಂದಳು. ಆಮೇಲೆ ನನಗೊಂದು ಕಾಫಿ ತಂದುಕೊಟ್ಟಳು. ಕುಡಿದೆ.