ಸಾರೋಟಿನ ಹಿಂದಿನ ಗಾಲಿ

ದೆವ್ವ, ಗಾಳಿ, ಶಕುನ ಎಂಬ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಐದನೇ ತರಗತಿಗೇ ಶಾಲೆ ಬಿಟ್ಟು ಬಾಚಿ ಹಿಡಿದ ಬಡಿಗ ನಾನು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಅಷ್ಟೇ ನನ್ನ ಲೋಕ. ಆದರೂ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ನಗುವವರು ನಗಲಿ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಸುರಪುರದ ಸಣ್ಣ ವಸ್ತುಸಂಗ್ರಹಾಲಯಕ್ಕೆ ಹಳೆಯ ಸಾರೋಟೊಂದು ಬಂತು. ಮೆರವಣಿಗೆಗೆಂದೇ ಮಾಡಿಸಿದ್ದು. ಬಾಗಿಲ ಮೇಲೆ ಬಣ್ಣದ ಗಿಳಿಗಳು, ಗಾಲಿಗಳಿಗೆ ಬಂಗಾರದ ಲೇಪ. ಕುದುರೆಗಳ ಕಾಲ ಮುಗಿದ ಮೇಲೆ ಶಹಾಪುರದ ಯಾವುದೋ ವಾಡೆಯಲ್ಲಿ ಅದರೊಳಗೆ ಹತ್ತಿ ತುಂಬಿಡುತ್ತಿದ್ದರಂತೆ. ಮಾಡಿದ ಬಡಿಗ ಯಾರೆಂದು ಯಾವ ಕಾಗದದಲ್ಲೂ ಇರಲಿಲ್ಲ. ಹಿಂದಿನ ಗಾಲಿಯೊಂದರ ಸುತ್ತ ಬಿಗಿದ ಕಬ್ಬಿಣದ ಪಟ್ಟಿ, ಅಂದರೆ ಹಳಿ, ಸಡಿಲಾಗಿತ್ತು. ಬಂಡಿಗಳೆಲ್ಲ ಟೈರಿಗೆ ಹೋದ ಮೇಲೆ ಮರದ ಗಾಲಿ ಬಲ್ಲವನು ನಾನೊಬ್ಬನೇ ಉಳಿದಿದ್ದೇನೆಂದು ಕರೆಸಿದರು. ಅದು ಸುಳ್ಳೇನಲ್ಲ.

ಹಳಿ ಏರಿಸುವ ಮೊದಲು ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಒಂದೊಂದು ಅರವನ್ನೂ ಮರದ ಕೊಡತಿಯಿಂದ ತಟ್ಟಿ ಕೇಳಬೇಕು. ಗಟ್ಟಿ ಅರ ಗಂಟೆಯಂತೆ ನುಡಿಯುತ್ತದೆ. ಸೀಳಿದ್ದು ಒಡಕು ಗಡಿಗೆಯಂತೆ. ಆದರೆ ಅಲ್ಲಿನ ಉಸ್ತುವಾರಿ ಮೇಡಂ ಅಡ್ಡ ಬಂದರು.

"ಕೊಡತಿ ಹಚ್ಚಬ್ಯಾಡ್ರಿ. ಲೇಪ ಉದುರತದ."

"ತಟ್ಟಲಾರದ ಹಳಿ ಏರಸೂದಂದ್ರ, ಕಣ್ಣ ಕಟ್ಟಿಗೊಂಡು ಹೆಣ್ಣ ನೋಡಿದಂಗ ಆತಲೇ," ಎಂದು ಜೊತೆಗೆ ಬಂದಿದ್ದ ಕಮ್ಮಾರ ಮೌನಪ್ಪ ಮಾವ ಗೊಣಗಿದ.

"ನನ್ನ ಕಣ್ಣ ಸಾಕು, ಮಾವ," ಎಂದೆ. ಸೊಕ್ಕು ಅದು. ಕಾದ ಹಳಿ ತಣಿಯುತ್ತ ಗಾಲಿಯನ್ನು ಹಿಂಡುತ್ತದೆ. ಒಂದು ಅರ ಸೀಳಿದ್ದರೂ ಗಾಲಿ ಪುಡಿ. ಸಾರೋಟೂ ಹೋಯಿತು, ನಮ್ಮ ಮನೆತನದ ಹೆಸರೂ ಹೋಯಿತು.

ಮಾವ ಅಂಗಳದಲ್ಲಿ ಸಗಣಿ ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಯಿಸುತ್ತಿದ್ದ. ಮೇಡಂ ಊಟಕ್ಕೆ ಹೋಗಿದ್ದರು. ಗೋಡೆಗೆ ಒರಗಿಸಿದ್ದ ಗಾಲಿಯನ್ನು ತರಲು ನಾನೊಬ್ಬನೇ ಒಳಗೆ ಹೋದೆ. ಆಗ ಕೇಳಿಸಿತು. ಠಣ್. ತುಸು ತಡೆದು, ಠಣ್. ಬಡಿಗನ ತಟ್ಟು ಅದು, ಅರದಿಂದ ಅರಕ್ಕೆ, ಸರದಿ ಹಿಡಿದು. ಗಾಲಿ ಅಲುಗಲಿಲ್ಲ. ನನ್ನ ಕೊಡತಿ ಚೀಲದಲ್ಲೇ ಇತ್ತು. ಏಳನೆಯ ಸದ್ದು ಮಾತ್ರ 'ಬದ್' ಎಂದಿತು. ಅಲ್ಲಿಗೇ ನಿಂತಿತು.

ಸದ್ದು ಬಂದ ಅರದ ಮೇಲೆ ಕೈಯಾಡಿಸಿದೆ. ಬುಡದಲ್ಲಿ, ಲೇಪದ ಅಡಿಗೆ, ಉಗುರಿಗೆ ಸೀಳು ಸಿಕ್ಕಿತು.

"ಮಾವ, ಹಳಿ ಎತ್ತಬ್ಯಾಡ!" ಎಂದು ಹೊರಗೆ ಓಡಿದೆ.

"ಯಾಕಲೇ, ದೆವ್ವ ಕಂಡಂಗ ಮಾಡಾಕತ್ತಿ?"

ಹೊಸ ಅರ ಕೂಡಿಸಿ, ಮೂರು ದಿನ ಬಿಟ್ಟು ಹಳಿ ಏರಿಸಿದೆವು. ಗಾಲಿ ಬಿಗಿದು ನಿಂತಾಗ ನಾನು ಅಲ್ಲೇ ನೆಲಕ್ಕೆ ಕುಳಿತು ಒಂದು ಚೆಂಬು ನೀರು ಕುಡಿದೆ. ಬದುಕಿದೆ ಅನ್ನಿಸಿತು.

ಒಣ ಕಟ್ಟಿಗೆ ಬಿಸಿಲಿಗೆ ಸಿಡಿಯುವುದನ್ನು ಬಲ್ಲೆ. ಸರದಿ ಹಿಡಿದು ಸಿಡಿದದ್ದನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಮೇಡಂ ಮಾತ್ರ ಸಿಟ್ಟಾಗಿದ್ದರು. "ಬ್ಯಾಡಂದ್ರೂ ತಟ್ಟೀರಿ, ಹೌದಿಲ್ಲೊ? ಇಲ್ಲಾಂದ್ರ ಹೆಂಗ ಗೊತ್ತಾತು?"

ಕೆಲಸದ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ ನಾನು. "ತಪ್ಪಾತ್ರಿ," ಎಂದೆ. ತಟ್ಟಿದವರು ಯಾರೋ, ಇವತ್ತಿಗೂ ತಿಳಿದಿಲ್ಲ. ಅವರ ಪಾಲಿನ ಬೈಗುಳವನ್ನು ನಾನೇ ತಿಂದೆ, ಅದೂ ಖುಷಿಯಿಂದ.