ಬೈದವರೂ ಬಿಡದೆ ಕೇಳಿದ ದನಿ

ರಾಯಚೂರು ಸೀಮೆಯಲ್ಲಿ ಕ್ರಿಕೆಟ್ಟಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವವರು ಪ್ರತಿ ಚಹಾದಂಗಡಿಯಲ್ಲೂ ಸಿಗುತ್ತಾರೆ. ಆದರೆ ಬಾಸ್ಕೆಟ್‌ಬಾಲ್ ಎಂಬ ಆಟವನ್ನು, ಅದನ್ನು ಎಂದೂ ಆಡದ, ಅದರ ಅಂಕಣವನ್ನೂ ಕಣ್ಣಾರೆ ಕಾಣದ ಮನೆಮಂದಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಅವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಟೀವಿಯ ಮುಂದೆ ನಿಲ್ಲುವಂತೆ ಮಾಡಿದವರು ಯಾರು ಎಂದು ಕೇಳಿದರೆ ದೇವದುರ್ಗದಿಂದ ಮಾನ್ವಿಯವರೆಗೆ ಒಂದೇ ಹೆಸರು ಬರುತ್ತದೆ. ನಮ್ಮ ‘ಎರಡುಹೊಳೆ’ ಕೇಬಲ್ ವಾಹಿನಿಯ ಕ್ರೀಡಾ ವೀಕ್ಷಕ ವಿವರಣೆಗಾರರಾದ ಶ್ರೀ ಮಹಾಂತಯ್ಯನವರು ಈ ತಿಂಗಳು ಮೈಕನ್ನು ಕೆಳಗಿಡುತ್ತಿದ್ದಾರೆ. ಅವರ ಅಭಿಮಾನಿಗಳೇ ಮುಂದೆ ನಿಂತು ಈ ಅಭಿನಂದನ ಗ್ರಂಥವನ್ನು ಸಮರ್ಪಿಸುತ್ತಿರುವುದು ಯಥೋಚಿತವಾಗಿದೆ.

ನನಗೆ ವಹಿಸಿದ ವಿಷಯ ‘ಅಭಿಮಾನಿಗಳ ಅಭಿಪ್ರಾಯದಲ್ಲಿ ಮಹಾಂತಯ್ಯನವರು’ ಎಂಬುದು. ವಾಹಿನಿಯಲ್ಲಿ ಪ್ರೇಕ್ಷಕರ ಫೋನು ಎತ್ತುವ ಕೆಲಸ ಮೊದಲಿನಿಂದಲೂ ನನ್ನದೇ ಆಗಿದ್ದರಿಂದ, ಈ ವಿಷಯ ನನ್ನ ಪಾಲಿಗೆ ಬಂದಿರಬೇಕು. ಮೆಚ್ಚುಗೆಯ ಮಾತುಗಳನ್ನಷ್ಟೇ ಆಯ್ದು ಬರೆಯಿರಿ ಎಂದು ಸಂಪಾದಕ ಮಂಡಳಿಯ ಹಿರಿಯರೊಬ್ಬರು ನಯವಾಗಿ ಸೂಚಿಸಿದರು. ಹಾಗೆ ಮಾಡಿದರೆ ಲೇಖನ ಅರ್ಧ ಪುಟಕ್ಕೇ ಮುಗಿದುಹೋಗುತ್ತದೆ ಎಂದು ನಾನೂ ಅಷ್ಟೇ ನಯವಾಗಿ ಉತ್ತರಿಸಿದೆ.

ಮಹಾಂತಯ್ಯನವರು ಮೂಲತಃ ಬಾಗಲವಾಡದವರು. ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಅಂತರ ತಾಲ್ಲೂಕು ಪಂದ್ಯಗಳಲ್ಲಿ ರೆಫರಿ ಸೀಟಿ ಊದಿದಾಗಲೆಲ್ಲ ಸುತ್ತ ನಿಂತ ಜನ ‘ಈಗ್ಯಾಕ ಊದಿದ?’ ಎಂದು ಒಬ್ಬರನ್ನೊಬ್ಬರು ಕೇಳುವುದನ್ನು ಕಂಡು, ಒಮ್ಮೆ ತಾವೇ ಮೈಕು ಹಿಡಿದರಂತೆ. ‘ಚೆಂಡನ್ನು ಎತ್ತಿಕೊಂಡು ನಡೆಯುವಂತಿಲ್ಲ, ಕೈಹಿಡಿದ ಮಗುವಿನ ಹಾಗೆ ನೆಲದ ಮೇಲೆ ಆಡಿಸುತ್ತಾ ಕರೆದುಕೊಂಡು ಹೋಗಬೇಕು’ ಎಂದು ಅಂದು ಅವರು ಹೇಳಿದ ಮಾತು ಇಂದಿಗೂ ಹಳಬರ ಬಾಯಲ್ಲಿದೆ. ನಮ್ಮ ವಾಹಿನಿ ಜಿಲ್ಲಾ ಲೀಗ್ ಪಂದ್ಯಗಳನ್ನು ಪ್ರಸಾರ ಮಾಡಲು ಹೊರಟಾಗ ಬೇರೆ ಯಾರನ್ನೂ ಹುಡುಕುವ ಪ್ರಶ್ನೆಯೇ ಬರಲಿಲ್ಲ.

ಅವರು ಬಂದ ಮೇಲೆ ಆರಂಭವಾದದ್ದು ‘ನಿಮ್ಮ ಐವರು’ ಎಂಬ ಕಾರ್ಯಕ್ರಮ. ದೊಡ್ಡ ವಾಹಿನಿಗಳ ಫ್ಯಾಂಟಸಿ ಆಟದ ನಮ್ಮೂರ ರೂಪ ಅದು. ಪ್ರತಿ ಗುರುವಾರ ಮಹಾಂತಯ್ಯನವರು ಬರುವ ಭಾನುವಾರದ ಪಂದ್ಯದ ಆಟಗಾರರ ಬಲಾಬಲಗಳನ್ನು ವಿವರಿಸುವರು. ಪ್ರೇಕ್ಷಕರು ಎರಡೂ ತಂಡಗಳಿಂದ ತಮಗೆ ಬೇಕಾದ ಐವರನ್ನು ಆರಿಸಿ ನನಗೆ ಫೋನು ಮಾಡುವರು. ಆ ಐವರು ಪಂದ್ಯದಲ್ಲಿ ಬುಟ್ಟಿಗೆ ಹಾಕಿದಷ್ಟು ಅಂಕ ಆರಿಸಿದವರಿಗೆ. ಗೆದ್ದವರ ಹೆಸರನ್ನು ಮಹಾಂತಯ್ಯನವರು ಊರಿನ ಸಮೇತ ಟೀವಿಯಲ್ಲಿ ಓದುತ್ತಿದ್ದರು, ಬಹುಮಾನ ಅಷ್ಟೇ. ಆ ಹೆಸರಿಗಾಗಿ ಅಕ್ಕ ತಂಗಿಯರು ಮಾತು ಬಿಟ್ಟ ಮನೆಗಳಿವೆ.

ಅಭಿಪ್ರಾಯಗಳು ಆಗಿನಿಂದಲೇ ಎರಡು ಬಗೆ. ರಾಯಚೂರಿನ ಹೊಲಿಗೆ ಅಂಗಡಿಯ ಮುನವ್ವರ್ ಬೀ ಅವರು, ‘ಸರ್ ಮಾತಾಡಾಕತ್ರ ನನ್ನ ಮಷೀನ್ ತಾನಾ ನಿಂದರ್ತದ ಬೇಟಾ, ಗಿರಾಕಿ ಬೈತಾರ’ ಎಂದು ಹೇಳಿಕೊಂಡು ಹಿಗ್ಗುವರು. ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕರಾದ ವಿರೂಪಣ್ಣನವರು ಇದಕ್ಕೆ ತದ್ವಿರುದ್ಧ. ಅವರು ಸರ್ ಹೇಳಿದ ಐವರನ್ನೇ ಪ್ರತಿ ವಾರ ತಪ್ಪದೆ ಆರಿಸುವರು, ಸೋತ ಕೂಡಲೇ ಫೋನು ಮಾಡಿ, ‘ನಿಮ್ಮ ಸರ್‌ಗ ಆಟದ ಗಂಧ ಅದ ಏನ್ರೀ?’ ಎಂದು ನನ್ನ ಕಿವಿ ತೂತು ಮಾಡುವರು. ಹೊಸದರಲ್ಲಿ ನಾನು ಅತ್ತದ್ದೂ ಉಂಟು. ಮಹಾಂತಯ್ಯನವರು ಚಹಾ ತರಿಸಿ ಕೊಟ್ಟು, ‘ಪೂರ್ತಿ ಬೈದು ಮುಗಿಸಲಿ ತಂಗಿ, ನಡುವ ಹಲೋ ಅನಬ್ಯಾಡ. ನಂಬರ್ ನನಗ ಕೊಡು’ ಎಂದರು. ಸೋಮವಾರ ಮುಂಜಾನೆ ಬೈದವರಿಗೆಲ್ಲ ತಾವೇ ತಿರುಗಿ ಫೋನು ಮಾಡಿ ಮಾತಾಡಿಸುವ ಪದ್ಧತಿಯನ್ನು ಅವರು ಇಂದಿನವರೆಗೂ ಬಿಟ್ಟಿಲ್ಲ. ಹೊಗಳಿದವರಿಗೆ ಮಾತ್ರ ಎಂದೂ ಫೋನು ಮಾಡಿದವರಲ್ಲ, ಅದು ಮುನವ್ವರ್ ಬೀ ಅವರ ದೂರು.

ಇನ್ನು ಈ ಗ್ರಂಥದಲ್ಲಿ ಬರದೇ ಹೋಗಬಾರದ ಒಂದು ಪ್ರಸಂಗಕ್ಕೆ ಬರುತ್ತೇನೆ. ಮೊನ್ನೆ ಮೊನ್ನೆಯ ಸಂಗತಿಯಾದ್ದರಿಂದ ಬಹಳ ಜನಕ್ಕೆ ನೆನಪಿರಬಹುದು. ಅಂದು ನಡೆದದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಅಭಿಮಾನಿಗಳಲ್ಲಿ ಈಗಲೂ ಒಮ್ಮತವಿಲ್ಲ.

ಹೋದ ವರ್ಷದ ಮಹಿಳೆಯರ ಸೆಮಿಫೈನಲ್ಲು ದೇವದುರ್ಗಕ್ಕೂ ಮಾನ್ವಿಗೂ ಬಿದ್ದಿತ್ತು. ದೇವದುರ್ಗದ ತಂಡದಲ್ಲಿ ಗಬ್ಬೂರಿನ ಸವಿತಾ ಎಂಬ ಹುಡುಗಿ ಇದ್ದಳು. ಅಜ್ಜಿ ಬೂದೆಮ್ಮನ ಆಸರೆಯಲ್ಲಿ ಬೆಳೆದವಳು, ದಿನವೂ ಕಾಲೇಜು ಮುಗಿಸಿ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋಗಿ ಅಭ್ಯಾಸ ಮಾಡಿ ಬರುವವಳು. ಆ ವರ್ಷ ಅವಳ ಕೈಯಿಂದ ಹೋದ ಚೆಂಡು ಬುಟ್ಟಿ ತಪ್ಪಿದ್ದೇ ಅಪರೂಪ. ಗುರುವಾರ ಮಹಾಂತಯ್ಯನವರು, ‘ಉಳಿದ ನಾಲ್ವರು ನಿಮ್ಮಿಷ್ಟ, ಸವಿತಾಳನ್ನು ಮಾತ್ರ ಕಣ್ಣುಮುಚ್ಚಿ ಆರಿಸಿಕೊಳ್ಳಿ’ ಎಂದುಬಿಟ್ಟರು. ಜನ ಕಣ್ಣುಮುಚ್ಚಿಯೇ ಆರಿಸಿದರು.

ಆದರೆ ಮಾನ್ವಿಯವರೂ ನಮ್ಮ ಟೀವಿ ನೋಡುತ್ತಾರಲ್ಲ! ಅವರು ಸವಿತಾಳ ಮೇಲೆ ಇಬ್ಬರು ಆಟಗಾರ್ತಿಯರನ್ನು ಕಾವಲಿಟ್ಟರು. ಚೆಂಡು ಕೈಗೆ ಬಂದಾಗಲೆಲ್ಲ ಇಬ್ಬರೂ ಅವಳನ್ನು ಸುತ್ತುವರಿಯುವರು. ಅವಳು ಕಾವಲಿಲ್ಲದೆ ನಿಂತ ಜೊತೆಗಾರ್ತಿಗೆ ಚೆಂಡನ್ನು ದಾಟಿಸುವಳು. ಜೊತೆಗಾರ್ತಿ ಬುಟ್ಟಿಗೆ ಹಾಕುವಳು. ದೇವದುರ್ಗ ಸಲೀಸಾಗಿ ಗೆದ್ದಿತು. ಸವಿತಾಳ ಹೆಸರಿನಲ್ಲಿ ಮಾತ್ರ ಬುಟ್ಟಿಗಳೇ ಇರಲಿಲ್ಲ. ನಮ್ಮ ಆಟದಲ್ಲಿ ದಾಟಿಸಿದ್ದಕ್ಕೆ ಅಂಕವಿರಲಿಲ್ಲ. ಬುಟ್ಟಿಗೆ ಬಿದ್ದದ್ದಾದರೆ ಮನೆಯಲ್ಲಿ ಕೂತವರಿಗೂ ಕಾಣುತ್ತದೆ, ತಕರಾರು ಇರುವುದಿಲ್ಲ ಎಂದು ಮಹಾಂತಯ್ಯನವರೇ ಮಾಡಿದ ನಿಯಮ ಅದು. ಸೀಮೆಯ ಜನರ ‘ಐವರು’ ಮುಳುಗುತ್ತಿದ್ದಂತೆ ಅವರಿಗೂ ಕಸಿವಿಸಿಯಾಗಿರಬೇಕು. ನೇರಪ್ರಸಾರದಲ್ಲಿ, ‘ಸವಿತಾ ಯಾಕೋ ಇವತ್ತು ಹಿಂಜರಿಯುತ್ತಿದ್ದಾಳೆ’ ಎಂದರು. ಒಂದು ಸಲವಲ್ಲ, ಮತ್ತೆ ಮತ್ತೆ ಅಂದರು.

ಟೀವಿಯಲ್ಲಿ ಬಂದ ಮಾತು ಊರಿನಲ್ಲಿ ಉಳಿಯುತ್ತದೆ. ಗೆದ್ದು ಬಂದ ಹುಡುಗಿಯನ್ನು ಗಬ್ಬೂರಿನ ಬಸ್ ನಿಲ್ದಾಣದಲ್ಲಿ ಜನ, ‘ಹಿಂಜರಿಯಾಕಿ ಬಂದಳು ನೋಡ್ರಿ’ ಎಂದು ನಗೆಯಾಡಿದರು. ಬಸ್ಸಿನೊಳಗೂ ಅದೇ ಮಾತು. ಅವಳು ಅಭ್ಯಾಸಕ್ಕೆ ಹೋಗುವುದನ್ನೇ ನಿಲ್ಲಿಸಿಬಿಟ್ಟಳು. ಮುಂದಿನ ಭಾನುವಾರವೇ ಫೈನಲ್ಲಿತ್ತು.

ಬೂದೆಮ್ಮನವರ ಫೋನು ಬಂದಾಗ ಎಂದಿನ ಬೈಗುಳವೆಂದು ತಿಳಿದು ನಾನು ಸುಮ್ಮನೆ ಕೇಳುತ್ತಾ ಕೂತೆ. ಆ ತಾಯಿ ಬೈಯಲಿಲ್ಲ. ‘ಆ ಮೈಕಿನ ಯಪ್ಪಗ ಕೊಡವ್ವಾ’ ಎಂದರಷ್ಟೆ. ಕೊಟ್ಟೆ. ಫೋನಿನ ದನಿ ದೊಡ್ಡದಿತ್ತು, ನನಗೂ ಕೇಳಿಸಿತು.

‘ಯಪ್ಪಾ, ನೀ ಒಂದ್ ಮಾತು ಅಂದಿ. ಊರು ಅದನ್ನ ಹಿಡ್ಕೊಂಡು ಕುಂತದ. ನನ್ನ ಮೊಮ್ಮಗಳು ಬೂಟು ಅಟ್ಟದ ಮ್ಯಾಲ ಒಗದಾಳ, ಇನ್ನ ಆಡೂದ ಇಲ್ಲ ಅಂತಾಳ. ನನಗ ಆಟ ತಿಳಿಯಂಗಿಲ್ಲಪ್ಪಾ. ಖರೇ ಹೇಳು, ಆಕಿ ಅಂಜಿದ್ಳೇನು?’

ಮಹಾಂತಯ್ಯನವರು, ‘ಮತ್ತ ನೋಡಿ ಹೇಳ್ತೀನಿ ಯವ್ವಾ. ಗುರುವಾರ ಟೀವಿ ಹಚ್ಚು, ಆಕಿನ್ನೂ ಕೂಡಿಸ್ಕೋ’ ಎಂದು ಫೋನಿಟ್ಟರು. ಮರುದಿನವೆಲ್ಲ ಸ್ಟುಡಿಯೋದಲ್ಲಿ ಪಂದ್ಯದ ಚಿತ್ರಮುದ್ರಣವನ್ನು ಹಿಂದೆ ಮುಂದೆ ಓಡಿಸುತ್ತಾ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಗುರುವಾರ ಜನ ಫೈನಲ್ಲಿಗೆ ಯಾರನ್ನು ಆರಿಸಬೇಕೆಂದು ಕಾದು ಕೂತಿದ್ದರು. ಮಹಾಂತಯ್ಯನವರು ಕ್ಯಾಮೆರಾಕ್ಕೆ ಕೈ ಮುಗಿದು, ‘ಹೋದ ಭಾನುವಾರದ ಪಂದ್ಯವನ್ನು ನಾನು ನಿಮಗೆ ತಪ್ಪಾಗಿ ಹೇಳಿದೆ. ನಿಮ್ಮ ಐವರ ಅಂಕ ನೋಡುತ್ತಾ ನಾನು ಆಟ ನೋಡುವುದನ್ನು ಬಿಟ್ಟಿದ್ದೆ. ಇವತ್ತು ಅದೇ ಪಂದ್ಯವನ್ನು ಮೊದಲಿನಿಂದ ಸರಿಯಾಗಿ ಹೇಳುತ್ತೇನೆ’ ಎಂದರು. ಹೇಳಿದರು ಕೂಡ. ಚೆಂಡು ಬುಟ್ಟಿಗೆ ಬಿದ್ದ ಪ್ರತಿ ಸಲವೂ ಚಿತ್ರವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಅದು ಯಾರ ಕೈಯಿಂದ ಹೊರಟಿತು ಎಂದು ತೋರಿಸಿದರು. ಇಬ್ಬರ ನಡುವೆ ಸಿಕ್ಕಿಕೊಂಡ ಸವಿತಾಳ ಮುಖವನ್ನು ದೊಡ್ಡದು ಮಾಡಿ, ಆ ಕಣ್ಣುಗಳು ಅಂಕಣದ ಯಾವ ಮೂಲೆಯನ್ನು ನೋಡುತ್ತಿವೆ ಎಂದು ವಿವರಿಸಿದರು.

ನನ್ನ ಫೋನಿಗೆ ಬೆಂಕಿ ಬಿದ್ದಿತ್ತು. ‘ಹಳೇ ಮ್ಯಾಚ್ ಯಾಕ ಹಾಕಾಕತ್ತೀರಿ?’ ‘ಸರ್‌ಗ ಅರಳು ಮರಳು ಆಗ್ಯದ ಏನು?’ ವಿರೂಪಣ್ಣನವರಂತೂ ಫೈನಲ್ಲಿನ ಹೆಸರು ಹೇಳುವತನಕ ಫೋನು ಇಡುವುದಿಲ್ಲ ಎಂದು ಹಟ ಹಿಡಿದರು. ನಾನೂ ಇಡಲಿಲ್ಲ. ಅತ್ತ ಕಡೆ ಅವರ ಮನೆಯ ಟೀವಿಯಲ್ಲಿ ಸರ್ ದನಿ ಕೇಳುತ್ತಿತ್ತು, ವಿರೂಪಣ್ಣನವರ ದನಿ ಬರಬರುತ್ತಾ ಕಡಿಮೆಯಾಯಿತು. ಬಹಳ ಹೊತ್ತಿನ ಮೇಲೆ, ‘ಸುನಂದಾ, ಇದನ್ನ ನಾ ನೋಡೇ ಇಲ್ಲಲ್ಲ’ ಎಂದು ನನ್ನ ಹೆಸರು ಹಿಡಿದು ಅಂದರು. ಆಮೇಲೆ ಎಂದಿನ ಗತ್ತಿನಲ್ಲಿ, ‘ಇಷ್ಟೆಲ್ಲಾ ಮಾಡಿದ ಹುಡುಗಿಗಿ ನಿಮ್ಮ ಆಟದಾಗ ಒಂದೂ ಅಂಕ ಇಲ್ಲ ಅಂದ್ರ ಅದೆಂಥ ಆಟ ರೀ?’ ಎಂದು ಮತ್ತೆ ನನಗೇ ಬೈದರು. ಚೆಂಡು ದಾಟಿಸಿದವರಿಗೂ ಸಮಪಾಲು ಅಂಕ ಎಂಬ ಹೊಸ ನಿಯಮವನ್ನು ಮಹಾಂತಯ್ಯನವರು ಅಂದೇ ಸಾರಿದರು. ವರ್ಷದ ಒಟ್ಟು ಅಂಕಗಳಲ್ಲಿ ಮುಂದಿದ್ದವರು ಇದರಿಂದ ಹಿಂದೆ ಬಿದ್ದು ಸಿಟ್ಟಾದರು. ಕೆಲವರು ಅಂದಿನಿಂದ ನಮ್ಮ ಕಾರ್ಯಕ್ರಮ ನೋಡುವುದನ್ನೇ ಬಿಟ್ಟರು. ಆ ಸಿಟ್ಟು ಅನ್ಯಾಯದ್ದೆಂದು ನಾನು ಹೇಳಲಾರೆ.

ಭಾನುವಾರ ಸವಿತಾ ಬಂದಳು. ಅವಳನ್ನು ಅಂಕಣದಲ್ಲಿ ಕಂಡು ನನಗೆ ಕಣ್ಣೀರು ಬಂತು, ಮುಚ್ಚಿಡುವುದೇನಿದೆ. ಎದುರಾಳಿಯಾಗಿ ಬಂದ ಸಿಂಧನೂರಿನ ತಂಡ ಬಲವಾಗಿತ್ತು. ಕೊನೆಯ ಗಳಿಗೆಯಲ್ಲಿ ಒಂದು ಬುಟ್ಟಿ ಬಿದ್ದರೆ ದೇವದುರ್ಗಕ್ಕೆ ಗೆಲುವು, ಇಲ್ಲವಾದರೆ ಸೋಲು. ಚೆಂಡು ಸವಿತಾಳ ಕೈಯಲ್ಲಿ, ಎದುರಿಗೆ ಮತ್ತೆ ಇಬ್ಬರು. ತಾನೇ ಎಸೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಒಂಟಿಯಾಗಿ ನಿಂತಿದ್ದ ಗೆಳತಿಗೆ ದಾಟಿಸಿದಳು. ಗೆಳತಿ ಎಸೆದ ಚೆಂಡು ಕಬ್ಬಿಣದ ಬಳೆಗೆ ತಾಗಿ ಹೊರಗೆ ಬಿತ್ತು. ಪಂದ್ಯ ಮುಗಿದ ಸೀಟಿ ಕೇಳಿತು.

ಈಗ ಸರ್ ಏನು ಹೇಳುತ್ತಾರೆ ಎಂದು ನಾನು ಕಿವಿಗೊಟ್ಟೆ. ಅವರು ಅವಸರ ಮಾಡಲಿಲ್ಲ. ‘ಕೊಟ್ಟವಳು ಸರಿಯಾಗಿ ಕೊಟ್ಟಳು. ಎಸೆದವಳು ಸರಿಯಾಗಿ ಎಸೆದಳು. ದೇವದುರ್ಗ ಸೋತಿದೆ’ ಎಂದಷ್ಟೇ ಹೇಳಿದರು. ಅಂದು ಸಂಜೆ ಬೂದೆಮ್ಮನವರು ಮತ್ತೆ ಫೋನು ಮಾಡಿದರು. ‘ಸೋತು ಬಂದಾಳವ್ವಾ. ಬಸ್ ಸ್ಟ್ಯಾಂಡಿನಾಗ ಮಂದಿ ಮಾತಾಡಿಸಿದ್ರಂತ, ಯಾರೂ ನಗಲಿಲ್ಲಂತ. ಉಂಡು ಬೂಟು ಒರಸಾಕತ್ಯಾಳ’ ಎಂದರು.

ಈ ಲೇಖನಕ್ಕಾಗಿ ಅಭಿಮಾನಿಗಳ ಅಭಿಪ್ರಾಯ ಸಂಗ್ರಹಿಸುವಾಗ ಸವಿತಾಳನ್ನೂ ಕೇಳಿದೆ. ಈಗ ಅವಳು ಆಡುವುದರ ಜೊತೆಗೆ ದೇವದುರ್ಗದಲ್ಲಿ ಚಿಕ್ಕ ಹುಡುಗಿಯರ ತಂಡವೊಂದನ್ನು ಕಟ್ಟಿದ್ದಾಳೆ. ‘ಸರ್ ಬಗ್ಗೆ ನನ್ನ ಅಭಿಪ್ರಾಯ ಏನ್ ಬರೀತೀರಿ ಅಕ್ಕಾರ?’ ಎಂದಳು. ‘ಅವರು ನನ್ನ ಬಗ್ಗೆ ತಮ್ಮ ಅಭಿಪ್ರಾಯ ಎಲ್ಲಾರ ಮುಂದ ಬದಲು ಮಾಡ್ಕೊಂಡ್ರಲ್ಲ, ಅದನ್ನ ಬರೀರಿ.’

ಬರೆದಿದ್ದೇನೆ. ಮಹಾಂತಯ್ಯ ಸರ್, ತಮಗೆ ಆಯುಷ್ಯ, ಆರೋಗ್ಯಗಳು ತುಂಬಿ ಬರಲಿ. ಆ ದನಿ ಇನ್ನೂ ಬಹುಕಾಲ ಈ ಸೀಮೆಯ ಮನೆಗಳಲ್ಲಿ ಕೇಳುತ್ತಿರಲಿ. ಬರುವ ಭಾನುವಾರ ದೇವದುರ್ಗದಲ್ಲಿ ಸವಿತಾಳ ಹುಡುಗಿಯರ ಮೊದಲ ಪಂದ್ಯವಿದೆ. ಟೀವಿಯಲ್ಲಿ ಅದರ ಪ್ರಸಾರವಿಲ್ಲ. ಮೈಕು ಮಾತ್ರ ಅವಳು ತಂದಿಟ್ಟಿದ್ದಾಳೆ.